ಪ್ಯಾರಾ ಪಡೆಯ ತರಬೇತಿ ನೆಲೆಗಳು: ಯೋಜನೆ ಮತ್ತು ನೆಲ

ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ, ಶತ್ರುವಿನ ಬೆನ್ನ ಹಿಂದೆ ಇಳಿದು ಕಾದಾಡುವ ಕಾಲಾಳು ಪಡೆಯೇ ವಾಯುವಾಹಿತ ಪದಾತಿ ದಳ, ರೂಢಿಯಲ್ಲಿ ಪ್ಯಾರಾ. ಸಾಮಾನ್ಯ ಪದಾತಿ ದಳದ ತರಬೇತಿಗೆ ಕವಾಯತು ಮೈದಾನ, ಗುಂಡು ಹಾರಿಸುವ ಚಾಂದ್‌ಮಾರಿ, ಸುತ್ತಾಡಲು ಒಂದಿಷ್ಟು ಕಾಡುಗುಡ್ಡ ಇದ್ದರೆ ಬಹುಮಟ್ಟಿಗೆ ಸಾಕು. ಪ್ಯಾರಾ ಪಡೆಗೆ ಇವುಗಳ ಜೊತೆಗೆ ಸರಕು ವಿಮಾನ ಏರಿಳಿಯುವ ನಿಲ್ದಾಣ, ಅದಕ್ಕೆ ಹತ್ತಿರವೇ ಅಡೆತಡೆಯಿಲ್ಲದ ಇಳಿದಾಣ, ಪ್ಯಾರಾಚೂಟ್ ಮಡಚಿಡುವ ಒಣ ಕಟ್ಟಡ, ಇವೆಲ್ಲದರ ಮೇಲೆ ಖಾಲಿ ಆಕಾಶ ಬೇಕು. ಇಷ್ಟನ್ನೂ ಒಂದೇ ಕಡೆ ಹೊಂದಿಸುವುದು ಬಹುತೇಕ ಸಾಧ್ಯವಾಗುವುದಿಲ್ಲ. ಭಾರತದಲ್ಲಿಯೂ ಆಗಿಲ್ಲ. ನಮ್ಮ ಪ್ಯಾರಾ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ, ನೆಗೆತದ ಶಾಲೆ ಆಗ್ರಾದಲ್ಲಿದೆ.

ಹಿನ್ನೆಲೆ

1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ರೂಪುಗೊಂಡಿತು. ಒಂದು ಬ್ರಿಟಿಷ್, ಒಂದು ಭಾರತೀಯ, ಒಂದು ಗೂರ್ಖಾ ಬೆಟಾಲಿಯನ್ ಅದರಲ್ಲಿದ್ದವು. ತರಬೇತಿಗೆಂದು ದೆಹಲಿಯ ವಿಲ್ಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ, ಅಂದರೆ ಈಗಿನ ಸಫ್ದರ್‌ಜಂಗ್‌ನಲ್ಲಿ, ಒಂದು ಶಾಲೆ ತೆರೆಯಿತು. ಅದೇ ತಿಂಗಳು ಕರಾಚಿಯಲ್ಲಿ ಮೊದಲ ನೆಗೆತ ನಡೆಯಿತು. ಧುಮುಕಿದ ಮೊದಲ ಭಾರತೀಯರು ವೈದ್ಯಾಧಿಕಾರಿ ಲೆಫ್ಟಿನೆಂಟ್ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ರಂಗರಾಜ್ ಮುಂದೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ತುಕಡಿಯನ್ನು ಕೊರಿಯಾ ಯುದ್ಧಭೂಮಿಗೆ ಕರೆದೊಯ್ದು ಮಹಾವೀರ ಚಕ್ರ ಪಡೆದರು.

ದೆಹಲಿಯ ಶಾಲೆ ಬಹಳ ದಿನ ಅಲ್ಲಿ ನಿಲ್ಲಲಿಲ್ಲ. ಮರುವರ್ಷವೇ ಅದು ರಾವಲ್ಪಿಂಡಿಯ ಪಕ್ಕದ ಚಕ್ಲಾಲಾಕ್ಕೆ ಹೋಯಿತು. ದೇಶವಿಭಜನೆಯಲ್ಲಿ ಚಕ್ಲಾಲಾ ಪಾಕಿಸ್ತಾನದ ಪಾಲಾದಾಗ ಭಾರತ ಆಗ್ರಾದಲ್ಲಿ ಹೊಸದಾಗಿ ಆರಂಭಿಸಬೇಕಾಯಿತು. ವಾಯುಪಡೆಯ ಅಧೀನದಲ್ಲಿರುವ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲ್ ಅಂದಿನಿಂದ ಅಲ್ಲಿಯೇ ಇದೆ. ಅದರ ಇಳಿದಾಣ ಊರಾಚೆಯ ಮಲ್ಪುರಾ.

ಪ್ಯಾರಾಚೂಟ್ ರೆಜಿಮೆಂಟ್ 1952ರ ಏಪ್ರಿಲಿನಲ್ಲಿ ಮೂರು ಬೆಟಾಲಿಯನ್‌ಗಳೊಂದಿಗೆ ಹುಟ್ಟಿತು. ಅವುಗಳಲ್ಲಿ ಎರಡನೆಯದು ಮೂಲತಃ ಮರಾಠಾ ಲಘು ಪದಾತಿ ದಳದ ಮೂರನೇ ಬೆಟಾಲಿಯನ್. ಆ ದಳದ ರೆಜಿಮೆಂಟಲ್ ಕೇಂದ್ರ ನಮ್ಮ ಬೆಳಗಾವಿ. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದು ಲೋಹಜಂಗ್ ನದಿಯ ಪೂಂಗ್ಲಿ ಸೇತುವೆಯನ್ನು ಹಿಡಿದದ್ದು ಇದೇ ಬೆಟಾಲಿಯನ್. ಮುನ್ನಡೆಸಿದವರು ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು. ಅಂದು ಎಲ್ಲರೂ ಗುರುತಿಟ್ಟ ಜಾಗದಲ್ಲಿಯೇ ಇಳಿಯಲಿಲ್ಲ, ಕೆಲವರು ಚದುರಿ ದೂರ ಬಿದ್ದರು. ಚದುರಿದ ಸಾಮಾನನ್ನು ಹೆಕ್ಕಿ ಹೊತ್ತು ತಂದುಕೊಟ್ಟವರು ಸುತ್ತಲಿನ ಹಳ್ಳಿಗರು. ಇಳಿದಾಣದ ಉದ್ದಗಲಕ್ಕೆ ಯೋಜಕರು ಏಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದಕ್ಕೆ ಟಾಂಗೈಲ್‌ಗಿಂತ ಬೇರೆ ಸಾಕ್ಷಿ ಬೇಡ.

ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂದು ಜೆ.ಸಿ. ನಗರದ ಸೇನಾ ಪ್ರದೇಶದಲ್ಲಿ ನೆಲೆಸಿತು. ನೇಮಕಗೊಂಡ ಯುವಕನನ್ನು ಸಿಪಾಯಿಯಾಗಿ ತಿದ್ದುವ ಕೆಲಸ ಇಲ್ಲಿ ನಡೆಯುತ್ತದೆ. ನೆಗೆಯುವುದನ್ನು ಕಲಿಯಲು ಅವನು ಉತ್ತರಕ್ಕೆ ಹೋಗಲೇಬೇಕು. ಪ್ರಾದೇಶಿಕ ಸೇನೆಯ 106ನೇ ಪ್ಯಾರಾ ಬೆಟಾಲಿಯನ್ ಕೂಡ ಬೆಂಗಳೂರಿನದೇ. ಅದರ ಗೌರವ ಲೆಫ್ಟಿನೆಂಟ್ ಕರ್ನಲ್ ಆದ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ 2015ರಲ್ಲಿ ಐದು ನೆಗೆತ ಪೂರೈಸಿ ಪ್ಯಾರಾ ಬಿಲ್ಲೆ ಧರಿಸಿದ್ದು ಆಗ್ರಾದಲ್ಲಿ. ಕನ್ನಡನಾಡಿನಲ್ಲಿ ಪ್ಯಾರಾ ಪಡೆಯ ಶಾಲೆಯಿದ್ದರೂ ಅದರ ಆಕಾಶ ಬೇರೆಡೆ ಇದೆ. ಇದನ್ನು ಯೋಜನೆಯ ಸೋಲೆಂದು ಹೇಳಲಾಗದು. ಬೆಳೆಯುತ್ತಲೇ ಇರುವ ನಗರದ ನಡುವೆ ಹೊಸಬರ ಶಾಲೆ ನಡೆಸಬಹುದು, ಇಳಿದಾಣ ನಡೆಸಲಾಗದು.

ಇಳಿದಾಣ

ಇಳಿದಾಣದ ಲೆಕ್ಕ ಶುರುವಾಗುವುದು ವಿಮಾನದ ವೇಗದಿಂದ. ನೆಗೆತದ ವೇಳೆ ವಿಮಾನ ಗಂಟೆಗೆ 230 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 64 ಮೀಟರ್. ಒಂದು ಬಾಗಿಲಿನಿಂದ ಸೆಕೆಂಡಿಗೊಬ್ಬನಂತೆ 20 ಜನ ಹೊರಬಿದ್ದರೆ ಮೊದಲಿಗನಿಗೂ ಕೊನೆಯವನಿಗೂ ನಡುವೆ 1,200 ಮೀಟರ್ ಅಂತರವಾಗುತ್ತದೆ. ಬಾಗಿಲಲ್ಲಿ ಯಾರಾದರೂ ಎರಡು ಸೆಕೆಂಡ್ ತಡೆದು ನಿಂತರೆ ಹಿಂದಿನವರೆಲ್ಲ ನೂರಿಪ್ಪತ್ತು ಮೀಟರಿಗಿಂತ ಹೆಚ್ಚು ಆಚೆ ಹೋಗುತ್ತಾರೆ. ಹಾಗಾಗಿ ಎರಡೂ ತುದಿಗಳಲ್ಲಿ ಕೆಲವು ನೂರು ಮೀಟರ್ ಕಾಯ್ದಿಡಬೇಕು.

ಆಮೇಲೆ ಗಾಳಿಯ ಲೆಕ್ಕ. ತರಬೇತಿಯ ಸಾಮಾನ್ಯ ಎತ್ತರ 1,250 ಅಡಿ, ಅಂದರೆ 380 ಮೀಟರ್. ದುಂಡು ಪ್ಯಾರಾಚೂಟ್ ಸೆಕೆಂಡಿಗೆ ಸುಮಾರು ಆರು ಮೀಟರ್ ಇಳಿಯುವುದರಿಂದ ನೆಲ ಮುಟ್ಟಲು ಒಂದು ನಿಮಿಷ ಹಿಡಿಯುತ್ತದೆ. ಹತ್ತು ನಾಟ್ ಗಾಳಿ ಬೀಸುತ್ತಿದ್ದರೆ ಆ ಒಂದು ನಿಮಿಷದಲ್ಲಿ ಸಿಪಾಯಿ 300 ಮೀಟರಿಗೂ ಹೆಚ್ಚು ಪಕ್ಕಕ್ಕೆ ತೇಲಿರುತ್ತಾನೆ. ಗಾಳಿಯ ದಿಕ್ಕು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಈ ಅಂತರವನ್ನು ಎಲ್ಲ ಬದಿಗೂ ಬಿಡಬೇಕಾಗುತ್ತದೆ. ಇಷ್ಟನ್ನೂ ಕೂಡಿಸಿದರೆ ಒಂದು ಸಾಧಾರಣ ಇಳಿದಾಣ ಎರಡು ಕಿ.ಮೀ. ಉದ್ದ, ಒಂದು ಕಿ.ಮೀ. ಅಗಲಕ್ಕೆ ಬರುತ್ತದೆ. ಎಕರೆಯಲ್ಲಿ ಹೇಳಿದರೆ ಐನೂರರ ಹತ್ತಿರ. ಕಲಬುರಗಿಯ ಇಡೀ ವಿಮಾನ ನಿಲ್ದಾಣ ಇರುವುದೇ ಸುಮಾರು 740 ಎಕರೆಯಲ್ಲಿ.

ಮೇಜಿನ ಮೇಲಿನ ಈ ಲೆಕ್ಕವನ್ನು ನಿಜವಾದ ಬಯಲಿಗೆ ಒಡ್ಡಿದಾಗ ವಿಷಯ ಬೇರೆಯಾಗುತ್ತದೆ. ಉದಾಹರಣೆಗೆ, ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಪರಿಸರದಿಂದ ಕಮಲಾಪುರದ ಕಡೆಗೆ, ಅಂದರೆ ಹುಮನಾಬಾದ್ ರಸ್ತೆಯಲ್ಲಿ, ಹೋಗುವ ಯಾರಿಗಾದರೂ ಇಳಿದಾಣಕ್ಕೆ ಇದಕ್ಕಿಂತ ಒಳ್ಳೆಯ ನೆಲ ಉಂಟೇ ಎನ್ನಿಸಬಹುದು. ಕಣ್ಣು ಹಾಯುವಷ್ಟು ದೂರ ಬಯಲು, ಮೇಲೆ ತೆರೆದ ಬಾನು. ಆದರೆ ಇದು ತೊಗರಿಯ ಕಣಜ. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಗಟ್ಟಿ ಮೊಳೆಯಂತೆ ನೆಟ್ಟಗೆ ನಿಂತಿರುತ್ತದೆ. ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಬಂದು ಉರುಳುವವನಿಗೆ ಅದು ಅಪಾಯ. ಎರೆ ಭೂಮಿ ಬೇಸಿಗೆಯಲ್ಲಿ ಪಾದ ಹೋಗುವಷ್ಟು ಅಗಲ ಬಿರಿಯುತ್ತದೆ. ಪ್ಯಾರಾ ತರಬೇತಿಯಲ್ಲಿ ಪದೇ ಪದೇ ಪೆಟ್ಟಾಗುವುದು ಕಾಲಿನ ಹರಡಿಗೇ ಎಂಬುದನ್ನು ಇದರ ಜೊತೆ ಸೇರಿಸಿ ನೋಡಬೇಕು. ಮಳೆ ಬಿದ್ದರೆ ಅದೇ ಎರೆ ಮಣ್ಣು ಆಂಬ್ಯುಲೆನ್ಸನ್ನೂ ಟ್ರಕ್ಕನ್ನೂ ಹೂತು ನಿಲ್ಲಿಸುತ್ತದೆ. ಹೊಲದ ನಡುವಿನ ಕಟ್ಟೆಯಿಲ್ಲದ ಬಾವಿ, ಬದುವಿನ ಮೇಲಿನ ಬಳ್ಳಾರಿ ಜಾಲಿ, ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿ ಇವೆಲ್ಲ ಮೇಲಿನಿಂದ ತೆಗೆದ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ. ಕಮಲಾಪುರದ ಸುತ್ತ ಕೆಂಪು ಮಣ್ಣು ಸಿಗುತ್ತದೆ, ನೀರೂ ಬೇಗ ಬಸಿಯುತ್ತದೆ. ಆದರೆ ಅಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕೆಂಪು ಬಾಳೆಯ ತೋಟಗಳಿವೆ. ಬಾಳೆ ತೋಟದ ಮೇಲೆ ಸಿಪಾಯಿಗಳನ್ನು ಇಳಿಸಿದರೆ ಪರಿಹಾರದ ಪಟ್ಟಿಗೆ ಕೊನೆಯಿರುವುದಿಲ್ಲ.

ಬಿಸಿಲು ಇನ್ನೊಂದು ಅಡ್ಡಿ. ಕಲಬುರಗಿಯ ಮೇ ತಿಂಗಳ ಉಷ್ಣತೆ 42 ಡಿಗ್ರಿ ದಾಟುವುದು ಹೊಸದೇನಲ್ಲ. ಕಾದ ಗಾಳಿ ತೆಳುವಾಗಿರುವುದರಿಂದ ಪ್ಯಾರಾಚೂಟ್ ಸ್ವಲ್ಪ ಬೇಗ ಇಳಿಯುತ್ತದೆ. ಮಧ್ಯಾಹ್ನ ನೆಲದಿಂದ ಏಳುವ ಬಿಸಿಗಾಳಿಯ ಸುಳಿ ಅದನ್ನು ಮನಬಂದತ್ತ ಒಯ್ಯುತ್ತದೆ. ಹೀಗಾಗಿ ಇಂಥ ಕಡೆ ನೆಗೆತಕ್ಕೆ ಒದಗುವುದು ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಮಾತ್ರ.

ಇನ್ನು ಆಕಾಶ. ಬೀದರ್ ವಾಯುನೆಲೆಯಲ್ಲಿ ಯುದ್ಧವಿಮಾನ ಚಾಲಕರು ಹಾಕ್ ವಿಮಾನಗಳಲ್ಲಿ ಕಲಿಯುತ್ತಾರೆ. 2019ರ ನವೆಂಬರ್ 22ರಂದು ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದಲ್ಲಿ ನಾಗರಿಕ ಪೈಲಟ್‌ಗಳಿಗೆ ಕಲಿಸುವ ಸಂಸ್ಥೆಗಳಿವೆ. ಅಲ್ಲಿನ 3,175 ಮೀಟರ್ ಓಡುದಾರಿ ಸೇನೆಯ ಸರಕು ವಿಮಾನಗಳಿಗೂ ಧಾರಾಳವಾಗಿ ಸಾಕು. ಆದರೆ ಕಲಿಯುವ ಹುಡುಗರ ವಿಮಾನಗಳು ಸುತ್ತುವ ಬಾನಿನಲ್ಲಿ ಪ್ಯಾರಾಚೂಟ್‌ಗಳನ್ನು ಬಿಡಬೇಕಾದರೆ ಪ್ರತಿ ಸಲವೂ ಮುಂಚಿತ ಪ್ರಕಟಣೆ ಹೊರಡಿಸಿ, ಇಂತಿಷ್ಟು ಹೊತ್ತು ಇಂತಿಷ್ಟು ಎತ್ತರದವರೆಗೆ ಎಲ್ಲ ಹಾರಾಟ ನಿಲ್ಲಿಸಬೇಕಾಗುತ್ತದೆ. ಓಡುದಾರಿ ಇದ್ದಮಾತ್ರಕ್ಕೆ ತರಬೇತಿ ನೆಲೆ ಆಗುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟ.

ಎಷ್ಟು ಹಾರಾಟ ಬೇಕು ಎಂಬುದನ್ನೂ ಯೋಜಕ ಮೊದಲೇ ಕೂಡಿಸಿಟ್ಟುಕೊಳ್ಳಬೇಕು. 800 ಜನರ ಬೆಟಾಲಿಯನ್, ಒಂದು ಎಎನ್-32 ವಿಮಾನದಲ್ಲಿ 40 ಜನ. ಒಂದು ನೆಗೆತಕ್ಕೆ 20 ಹಾರಾಟ. ಬಿಲ್ಲೆ ಪಡೆಯಲು ರಾತ್ರಿಯ ಒಂದನ್ನೂ ಸೇರಿಸಿ ಐದು ನೆಗೆತ ಬೇಕಾದ್ದರಿಂದ ನೂರು ಹಾರಾಟ. ಇಳಿದಾಣ ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷದ ದೂರದಲ್ಲಿದೆಯೋ ನಲವತ್ತು ನಿಮಿಷದ ದೂರದಲ್ಲಿದೆಯೋ ಎಂಬುದರ ಮೇಲೆ ಇಂಧನದ ಖರ್ಚು ನಾಲ್ಕು ಪಟ್ಟು ಏರುಪೇರಾಗುತ್ತದೆ. ಮಲ್ಪುರಾದ ಬೆಲೆ ಅದು ಆಗ್ರಾ ವಾಯುನೆಲೆಗೆ ಹತ್ತಿರವಿರುವುದರಲ್ಲಿದೆ.

ನೆಲದ ಮೇಲಿನ ಸೌಕರ್ಯ

ಸಿಪಾಯಿ ವಿಮಾನ ಹತ್ತುವ ಮೊದಲು ನೆಲದ ಮೇಲೆ ನೂರಾರು ಬಾರಿ ಬಿದ್ದಿರುತ್ತಾನೆ. ಮರಳು ಇಲ್ಲವೆ ಮೆತ್ತೆ ಹಾಸಿದ ಗುಂಡಿಗೆ ಕಟ್ಟೆಯಿಂದ ಹಾರಿ ಉರುಳುವುದು, ಜೋತುಬಿದ್ದು ತೂಗಾಡುತ್ತ ಹಗ್ಗ ಎಳೆದು ದಿಕ್ಕು ತಿರುಗಿಸುವುದು, ವಿಮಾನದ ಒಡಲಿನದೇ ಅಳತೆಯ ಕಟ್ಟಿಗೆಯ ಮಾದರಿಯೊಳಗೆ ಸಾಲಾಗಿ ನಿಂತು ಕೊಂಡಿ ಸಿಕ್ಕಿಸಿ ಬಾಗಿಲಿನಿಂದ ಹೊರಬೀಳುವುದು ಇವು ಮೊದಲ ಪಾಠಗಳು. ಎತ್ತರದ ಗೋಪುರ ಆಮೇಲಿನದು. ಅಮೆರಿಕದ ಫೋರ್ಟ್ ಬೆನಿಂಗ್‌ನಲ್ಲಿ 34 ಅಡಿಯ ಗೋಪುರದ ಜೊತೆಗೆ 250 ಅಡಿಯ ಗೋಪುರಗಳೂ ಇವೆ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನರ ಮೋಜಿಗೆಂದು ನಿಲ್ಲಿಸಿದ್ದ ಪ್ಯಾರಾಚೂಟ್ ಆಟಕ್ಕೂ ಈ ದೊಡ್ಡ ಗೋಪುರಕ್ಕೂ ಕಲ್ಪನೆ ಒಂದೇ. ಜಾತ್ರೆಯ ತೊಟ್ಟಿಲಿಗೂ ಸೇನೆಯ ಗೋಪುರಕ್ಕೂ ಇಷ್ಟು ಹತ್ತಿರದ ನಂಟಿದೆ.

ಯೋಜನೆಯ ಕಡತಗಳಲ್ಲಿ ಅತಿ ಕಡಿಮೆ ಗಮನ ಸಿಗುವುದು ಪ್ಯಾರಾಚೂಟ್ ಮಡಚುವ ಕೋಣೆಗೆ. ಪ್ಯಾರಾಚೂಟನ್ನು ಉದ್ದಕ್ಕೆ ಹರಡಲು ಉದ್ದನೆಯ ಮೇಜುಗಳು, ಒದ್ದೆಯಾದದ್ದನ್ನು ಇಳಿಬಿಟ್ಟು ಒಣಗಿಸಲು ಎತ್ತರದ ಗೋಪುರ, ಬಿಸಿಲೂ ತೇವವೂ ತಾಗದ ಉಗ್ರಾಣ, ಇಲಿ-ಗೆದ್ದಲು ಸುಳಿಯದ ನೆಲ ಎಲ್ಲವೂ ಬೇಕು. ಮಳೆಗಾಲದಲ್ಲಿ ಈ ಒಣಗಿಸುವ ಗೋಪುರದ ಸಾಮರ್ಥ್ಯವೇ ದಿನಕ್ಕೆ ಎಷ್ಟು ಜನ ನೆಗೆಯಬಹುದು ಎಂಬುದನ್ನು ತೀರ್ಮಾನಿಸುತ್ತದೆ. ವಿಮಾನ ಸಿದ್ಧವಿದ್ದು ಮಡಚಿದ ಪ್ಯಾರಾಚೂಟ್ ಇಲ್ಲವಾದರೆ ಅಂದಿನ ಕೆಲಸ ಅಲ್ಲಿಗೇ ನಿಂತಿತು.

ಅತಿ ಎತ್ತರದಿಂದ ಧುಮುಕಿ ತಡವಾಗಿ ಪ್ಯಾರಾಚೂಟ್ ಬಿಚ್ಚುವ ವಿಶೇಷ ಪಡೆಗಳ ಸೌಕರ್ಯವೇ ಬೇರೆ. ಕೆಳಗಿನಿಂದ ಗಾಳಿ ಊದಿ ಮನುಷ್ಯನನ್ನು ತೇಲಿಸುವ ಗಾಳಿ ಸುರಂಗವನ್ನು ಸೇನೆ 2024ರಲ್ಲಿ ಹಿಮಾಚಲದ ಬಕ್ಲೋಹ್‌ನ ವಿಶೇಷ ಪಡೆಗಳ ಶಾಲೆಯಲ್ಲಿ ತೆರೆಯಿತು. ಈ ಬಗೆಯ ನೆಗೆತಕ್ಕೆಂದೇ ಆಗ್ರಾದ ಪ್ಯಾರಾಚೂಟ್ ಸಂಶೋಧನಾಲಯವೂ ಬೆಂಗಳೂರಿನ ರಕ್ಷಣಾ ಜೈವಿಕ ಎಂಜಿನಿಯರಿಂಗ್ ಪ್ರಯೋಗಾಲಯವೂ ಕೂಡಿ ರೂಪಿಸಿದ ಪ್ಯಾರಾಚೂಟ್ ವ್ಯವಸ್ಥೆಯನ್ನು 2025ರ ಅಕ್ಟೋಬರಿನಲ್ಲಿ 32,000 ಅಡಿ ಎತ್ತರದಿಂದ ಪರೀಕ್ಷಿಸಲಾಯಿತು. ಇಳಿದ ಮೇಲಿನ ಕಾದಾಟದ ಕಲಿಕೆಗೆ ಬೆಳಗಾವಿಯ ಕಮಾಂಡೊ ಶಾಲೆಗೆ ಸೇನೆಯ ಎಲ್ಲ ರೆಜಿಮೆಂಟ್‌ಗಳಿಂದಲೂ ಜನ ಬರುತ್ತಾರೆ. ಸಹ್ಯಾದ್ರಿಯ ಕಾಡು, ಹಳ್ಳ, ಬಂಡೆಗಳು ಅಲ್ಲಿಗೆ ಹತ್ತಿರ.

ಚಾಂದ್‌ಮಾರಿ

ಗುಂಡು ಹಾರಿಸುವ ನೆಲದಲ್ಲಿ ಕಣ್ಣಿಗೆ ಕಾಣುವುದು 300 ಮೀಟರಿನ ಪಟ್ಟಿ, ಸಂಖ್ಯೆ ಬರೆದ ಗುರಿಫಲಕಗಳು, ಅವುಗಳ ಹಿಂದಿನ ಮಣ್ಣಿನ ದಿಬ್ಬ. ಆದರೆ ದಿಬ್ಬ ತಪ್ಪಿದ ರೈಫಲ್ ಗುಂಡು ಮೂರು-ನಾಲ್ಕು ಕಿ.ಮೀ. ಹೋಗಬಲ್ಲದು. ನಾಲ್ಕು ಕಿ.ಮೀ. ಉದ್ದಕ್ಕೂ, ಒಂದೂವರೆ ಕಿ.ಮೀ. ಅಗಲಕ್ಕೂ ಅಪಾಯದ ಪ್ರದೇಶ ಗುರುತಿಸಿದರೆ ಸಾವಿರದ ನಾನೂರು ಎಕರೆ ದಾಟುತ್ತದೆ. ಬೆನ್ನಿಗೆ ಎತ್ತರದ ಗುಡ್ಡವಿದ್ದರೆ ಈ ವಿಸ್ತಾರ ಬಹಳಷ್ಟು ಕುಗ್ಗುತ್ತದೆ. ಇಳಿದಾಣಕ್ಕೆ ಬಯಲು ಬೇಕು, ಚಾಂದ್‌ಮಾರಿಗೆ ಗುಡ್ಡ ಬೇಕು. ಎರಡೂ ಒಂದೇ ಊರಿನಲ್ಲಿ ಸಿಗುವುದು ವಿರಳ.

ಪಟ್ಟಿಗಳ ಸಂಖ್ಯೆ ನಿರ್ಧರಿಸುವುದು ಸರಳ ಗುಣಾಕಾರ. ಹತ್ತು ಪಟ್ಟಿ, ಒಂದು ಸರದಿಗೆ 20 ನಿಮಿಷವಾದರೆ 800 ಜನ ಒಮ್ಮೆ ಗುಂಡು ಹಾರಿಸಿ ಮುಗಿಸಲು 27 ಗಂಟೆ ಬೇಕು. ದಿನಕ್ಕೆ ಆರು ಗಂಟೆ ಹಿಡಿದರೆ ಐದು ದಿನಕ್ಕೆ ಸ್ವಲ್ಪ ಕಡಿಮೆ. ಪಟ್ಟಿ ಇಪ್ಪತ್ತಾದರೆ ಇದು ಅರ್ಧಕ್ಕಿಳಿಯುತ್ತದೆ. ಮಾರ್ಟರ್, ರಾಕೆಟ್ ಹಾರಿಸುವ ಫೀಲ್ಡ್ ಫೈರಿಂಗ್ ರೇಂಜುಗಳ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ಸಿಡಿಯದೆ ಉಳಿದ ಶೆಲ್ಲುಗಳನ್ನು ಹುಡುಕಿ ನಾಶ ಮಾಡುವ ತಂಡವೂ ಅದಕ್ಕೆ ತಗಲುವ ದಿನಗಳೂ ಯೋಜನೆಯಲ್ಲಿ ಮೊದಲೇ ಇರಬೇಕು. ಗುಜರಿಗೆಂದು ಲೋಹ ಹೆಕ್ಕಲು ಹೋಗಿ ಸತ್ತವರು ಇಂಥ ರೇಂಜುಗಳ ಸುತ್ತಲಿನ ಬಡ ಹಳ್ಳಿಗಳಲ್ಲಿ ದೇಶದುದ್ದಕ್ಕೂ ಇದ್ದಾರೆ.

ಕಾನೂನು ಮತ್ತು ಜನ

ಸೇನೆ ಅಭ್ಯಾಸ ಮಾಡುವ ನೆಲವೆಲ್ಲ ಸೇನೆಯದೇ ಆಗಿರುವುದಿಲ್ಲ. 1938ರ ಸೇನಾ ಕವಾಯತು ಹಾಗೂ ಗುಂಡಿನ ಅಭ್ಯಾಸದ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರಂತೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ, ಜನರ ಮತ್ತು ಸರ್ಕಾರದ ಜಮೀನನ್ನು ನಿಗದಿತ ಅವಧಿಗೆ ಅಭ್ಯಾಸಕ್ಕೆ ಬಿಟ್ಟುಕೊಡಬಹುದು. ಬರಿಯ ಕವಾಯತಿಗೆ ಈ ಅವಧಿ ಮೂರು ತಿಂಗಳು ಮೀರುವಂತಿಲ್ಲ. ಸುತ್ತಲ ಊರುಗಳಿಗೆ ಮುಂಚಿತವಾಗಿ ತಿಳಿಸಬೇಕು. ಹಾನಿಯನ್ನು ಕಂದಾಯ ಅಧಿಕಾರಿ ಸ್ಥಳದಲ್ಲಿ ನೋಡಿ ಪರಿಹಾರ ನಿಗದಿ ಮಾಡಬೇಕು. ಪೂಜಾಸ್ಥಳಗಳನ್ನೂ ಅವುಗಳಿಗೆ ಸೇರಿದ ಆವರಣವನ್ನೂ ಕಾಯಿದೆ ಹೊರಗಿಟ್ಟಿದೆ. ಬ್ರಿಟಿಷರ ಕಾಲದ ಕಾಯಿದೆಯಾದರೂ ರೈತನ ಬೆಳೆ ಹಾನಿಯ ವಿಚಾರದಲ್ಲಿ ಇದು ಒರಟಲ್ಲ; ಕೊರತೆ ಇರುವುದು ಅದನ್ನು ಪಾಲಿಸುವುದರಲ್ಲಿ.

ಒಳ್ಳೆಯ ಯೋಜನೆಗೆ ನಕ್ಷೆಯಷ್ಟೇ ಪಂಚಾಂಗವೂ ಮುಖ್ಯ. ಕಲಬುರಗಿಯಂಥ ಕಡೆ ಜೂನ್-ಜುಲೈ ತೊಗರಿ ಬಿತ್ತನೆ, ಡಿಸೆಂಬರ್-ಜನವರಿ ಅದರ ಕೊಯ್ಲು. ಹೋಳಿಯಾದ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು, ಅದಕ್ಕೆ ಕರ್ನಾಟಕದಾಚೆಯಿಂದಲೂ ಲಕ್ಷಗಟ್ಟಲೆ ಜನ. ಆ ದಿನಗಳಲ್ಲಿ ರಸ್ತೆ, ಪೊಲೀಸ್, ಆಸ್ಪತ್ರೆ ಯಾವುದೂ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಬರಿದಾದ ಹೊಲಗಳಲ್ಲಿ ಕುರಿ ಮಂದೆ ಬಿಡುತ್ತಾರೆ. ಕಮಲಾಪುರದಿಂದ ಮುಂದೆ ಚಿಂಚೋಳಿಯ ಕಡೆ ವನ್ಯಜೀವಿ ಧಾಮವೂ ಇದೆ. ಇಷ್ಟನ್ನು ಬಿಟ್ಟು ಉಳಿಯುವ ದಿನಗಳೇ ಅಭ್ಯಾಸದ ದಿನಗಳು.

ಈ ಲೆಕ್ಕ ಹಿಡಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ದೊಡ್ಡ ಉದಾಹರಣೆ ಚಳ್ಳಕೆರೆ. ಅದು ಪ್ಯಾರಾ ಪಡೆಯ ನೆಲೆಯಲ್ಲ, ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ. ಆದರೂ ನೆಲದ ಪ್ರಶ್ನೆ ಒಂದೇ. ಮೈಸೂರು ಅರಸರು ಅಮೃತ ಮಹಲ್ ದನಗಳ ಮೇವಿಗೆಂದು ಕಾದಿರಿಸಿದ್ದ ಚಿತ್ರದುರ್ಗ ಜಿಲ್ಲೆಯ ಕಾವಲುಗಳಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಎಕರೆಯನ್ನು ಸರ್ಕಾರ ಹಲವು ಸಂಸ್ಥೆಗಳಿಗೆ ಹಂಚಿತು. ಅದರಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆಗೆ. ದೊಡ್ಡ ಉಳ್ಳಾರ್ತಿ, ಖುದಾಪುರ, ವರವು ಕಾವಲಿನ ಸುತ್ತಲಿನ ಹಳ್ಳಿಗಳಲ್ಲಿ ಕುರಿ ಸಾಕುವವರೂ ಕಂಬಳಿ ನೇಯುವವರೂ ಆ ಹುಲ್ಲನ್ನೇ ನಂಬಿದ್ದರು. ದಾಖಲೆಯಲ್ಲಿ ಖಾಲಿ ಎಂದು ಬರೆದ ನೆಲ ಅವರ ಪಾಲಿಗೆ ಖಾಲಿಯಾಗಿರಲಿಲ್ಲ. ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2017ರ ಮೇ 28ರಂದು ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟು ಇಲ್ಲಿಯೇ ಇಳಿಸಿತು. ದೇಶಕ್ಕೆ ಈ ವಲಯದಿಂದ ಪ್ರಯೋಜನವಾಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಗೋಡೆ ಎದ್ದ ಮೇಲೆ ಕುರಿಗಾಹಿಗಳ ಜೊತೆ ಮಾತಿಗೆ ಕೂತದ್ದು ಮಾತ್ರ ತಿರುಗುಮುರುಗಾದ ಕ್ರಮ.

ಜಾರ್ಖಂಡಿನ ನೇತರ್‌ಹಾಟ್‌ನಲ್ಲಿ ಇದೇ ತಕರಾರು ಫೀಲ್ಡ್ ಫೈರಿಂಗ್ ರೇಂಜನ್ನೇ ಮುಚ್ಚಿಸಿತು. ಆದಿವಾಸಿಗಳ ಹಲವು ದಶಕಗಳ ವಿರೋಧದ ಬಳಿಕ 2022ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಅಧಿಸೂಚನೆಯನ್ನು ಮುಂದುವರಿಸದಿರಲು ತೀರ್ಮಾನಿಸಿತು. ಬೇರೆ ದಾರಿಯೂ ಇದೆ. ಅಮೆರಿಕದ ಪ್ಯಾರಾ ಪಡೆಗಳ ತವರಾದ ಫೋರ್ಟ್ ಬ್ರ್ಯಾಗ್‌ನಲ್ಲಿ ಅಳಿವಿನಂಚಿನ ಒಂದು ಮರಕುಟಿಗ ಹಕ್ಕಿಯ ಸಲುವಾಗಿ 1990ರ ಸುಮಾರಿಗೆ ಅಭ್ಯಾಸಕ್ಕೆ ಕಡಿವಾಣ ಬಿತ್ತು. ಸೇನೆ ಅಲ್ಲಿ ಸುತ್ತಲಿನ ಖಾಸಗಿ ಕಾಡುಗಳ ಒಡೆಯರ ಜೊತೆ ಒಪ್ಪಂದ ಮಾಡಿಕೊಂಡು ಹಕ್ಕಿಗೆ ಬೇಲಿಯಾಚೆಯೂ ನೆಲೆ ಒದಗಿಸಿತು. ಹಕ್ಕಿ ಉಳಿಯಿತು, ಅಭ್ಯಾಸವೂ ಮರಳಿ ಚುರುಕಾಯಿತು. ನಮ್ಮ ಕಾವಲುಗಳಲ್ಲಿ ಮೇವಿನ ತಿಂಗಳು ಬಿಟ್ಟು ಉಳಿದ ದಿನಗಳಿಗೆ ಇಂಥದೇ ಬರಹದ ಒಪ್ಪಂದ ಸಾಧ್ಯವಿತ್ತು. 1938ರ ಕಾಯಿದೆ ಅದಕ್ಕೆ ಅಡ್ಡಿಯಾಗಿರಲಿಲ್ಲ.